ಶ್ರುತಪಂಚಮಿಗೆ ಕಿತ್ತ ಬಣ್ಣದ ಚೀಟಿಗಳು

ತೇರದಾಳ
ಆಷಾಢ ಶುದ್ಧ ಚತುರ್ದಶಿ, ಬುಧವಾರ
೯ ಜುಲೈ ೨೦೨೫

ಪ್ರೀತಿಯ ಸಿದ್ಧಿಗೆ ನಿನ್ನ ಅವ್ವನ ಜಯ ಜಿನೇಂದ್ರ ಮತ್ತು ಮನಸ್ಸು ತುಂಬಿದ ಆಶೀರ್ವಾದ.

ಇಂದು ಚತುರ್ದಶಿ, ನನ್ನದು ಉಪವಾಸ. ನಸುಕಿನಲ್ಲೇ ಎದ್ದು ಅಂಗಳ ಸಾರಿಸಿ, ಬಾವಿಯ ನೀರು ಸೇದಿ ಸೋಸಿದೆ. ಅರಿವೆಯಲ್ಲಿ ಸಿಕ್ಕ ಜೀವಗಳು ತಮ್ಮ ನೀರಿಗೇ ಮರಳಲೆಂದು ಅದನ್ನು ಮತ್ತೆ ಬಾವಿಯಲ್ಲೇ ಜಾಲಿಸಿ ಬಂದೆ. ಬಸದಿಯಲ್ಲಿ ಅಭಿಷೇಕ ಮುಗಿದ ಮೇಲೆ ನಿಮ್ಮಪ್ಪನಿಗೆ ರೊಟ್ಟಿ ಬಡಿದು ಕೊಟ್ಟೆ, ಅವರು ಬುತ್ತಿ ಕಟ್ಟಿಕೊಂಡು ಅರಿಷಿಣದ ಹೊಲಕ್ಕೆ ಹೋದರು. ಈಗ ಮನೆಯಲ್ಲಿ ಯಾರೂ ಇಲ್ಲ. ನಿನ್ನ ಗಂಟಲು ನೋವು ಹೇಗಿದೆ? ಬೆಳಗಾವಿಯಲ್ಲಿ ಮಳೆ ಹಿಡಿದಿರಬೇಕು, ತಲೆ ತೋಯಿಸಿಕೊಂಡು ತಿರುಗಬೇಡ. ಹೊತ್ತು ಮುಳುಗುವುದರೊಳಗೆ ಹಾಸ್ಟೆಲಿನಲ್ಲಿ ಊಟ ಸಿಗದಿದ್ದ ದಿನ ಹಾಲಾದರೂ ಕುಡಿ, ಹಸಿದು ಮಲಗಬೇಡ. ಫೋನ್ ಇರಲಾಗಿ ಅವ್ವ ಕಾಗದ ಯಾಕೆ ಬರೆದಳು ಎಂದು ನೀನು ಕೇಳುವಿ. ಫೋನಿನಲ್ಲಿ ನನ್ನ ಬಾಯಿ ಎಂಥದೆಂಬುದನ್ನು ನಾನು ಈಗಾಗಲೇ ಕಂಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಬೇಸಿಗೆ ಸೂಟಿಯಲ್ಲಿ ನೀನು ಊರಿಗೆ ಬಂದಾಗ, ಕಾಲೇಜಿನ ನಿಮ್ಮ ಖೋಲಿಗೆ ಸುಣ್ಣ ಹಚ್ಚುತ್ತಾರೆಂದು ಸ್ಪರ್ಧೆಗೆಂದು ಕಟ್ಟಿದ ನಿಮ್ಮ ತಂಡದ ಪುಸ್ತಕ, ಫೈಲುಗಳನ್ನೆಲ್ಲ ಚೀಲ ತುಂಬಿಕೊಂಡು ತಂದಿದ್ದಿ. ಸಿಂಥೆಟಿಕ್ ಬಯಾಲಜಿ ಎಂಬ ಹೆಸರು ನನ್ನ ನಾಲಿಗೆಗೆ ಇನ್ನೂ ಹೊಂದಿಲ್ಲ. ನಿಮ್ಮಪ್ಪ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗುತ್ತಾರೆ, ಕೇಳಿದವರು ಕಬ್ಬಿನ ಹೊಸ ತಳಿಯೇನೋ ಎಂದುಕೊಳ್ಳುತ್ತಾರೆ. ನನಗೆ ತಿಳಿದದ್ದು ಇಷ್ಟು: ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುತ್ತದಲ್ಲ ನೀರು, ಅದರ ಬಣ್ಣವನ್ನು ತಿಂದು ತಿಳಿಯಾಗಿಸುವಂತೆ ಕಣ್ಣಿಗೆ ಕಾಣದ ಜೀವಿಯ ಗುಣವನ್ನು ನೀವು ತಿದ್ದುತ್ತೀರಿ. ನಮ್ಮಂಥ ಮನೆಯ ಹುಡುಗಿಗೆ ಜೀವಗಳ ಜೊತೆ ಇಂಥ ಆಟ ಬೇಕೇ ಎಂದು ನಾನು ಮುಖ ಸಣ್ಣದು ಮಾಡಿದಾಗ ನೀನು “ಅವ್ವಾ, ಅವಕ್ಕ ದಿನಾ ಊಟಾ ಹಾಕಿ ಜ್ವಾಕಿ ಮಾಡ್ತೀವಿ, ನನಗಿಂತಾ ಛಲೋ ಉಣ್ತಾವ” ಎಂದಿದ್ದಿ. ಪಕ್ಕದಲ್ಲೇ ಕೂತಿದ್ದ ನಿನ್ನ ತಂಡದ ಗೆಳತಿ ವಂದನಾ, “ಖರೆ ಕಾಕೂ, ನಿಮ್ಮ ಮಗಳು ಜಯ ಜಿನೇಂದ್ರ ಅಂದ ಮ್ಯಾಲೇ ಮುಚ್ಚಳಾ ತಗೀತಾಳ” ಎಂದು ನಗಿಸಿದ್ದಳು. ಬನಹಟ್ಟಿಯ ನೇಕಾರರ ಮನೆಯ ಆ ಹುಡುಗಿಯದೇ ಅಲ್ಲವೇ ಈ ಯೋಚನೆ ಮೊದಲು? ಅವರಪ್ಪನ ಕೈ ಮೊಳಕೈತನಕ ನೀಲಿ ಇರುವುದನ್ನು ನೋಡುತ್ತ ಬೆಳೆದವಳು ಆಕೆ.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ. ಶ್ರುತಪಂಚಮಿಗೆ ನಮ್ಮಲ್ಲಿ ಶಾಸ್ತ್ರದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಧೂಳು ಹೊಡೆದು, ಬಿಸಿಲಿಗೆ ಇಟ್ಟು, ಹೊಸ ಅರಿವೆಯಲ್ಲಿ ಕಟ್ಟಿ ಪೂಜಿಸುತ್ತೇವೆ. ಅಂದು ನೀನು ಜಮಖಂಡಿಗೆ ಹೋಗಿದ್ದಿ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ನನ್ನ ಮಗಳ ವಿದ್ಯೆಯೂ ಶಾಸ್ತ್ರವೇ ಅಲ್ಲವೇ ಎಂದು ನಿಮ್ಮ ಚೀಲವನ್ನೂ ಬಿಚ್ಚಿದೆ. ಪುಸ್ತಕಗಳ ಅಂಚಿಗೆ, ಫೈಲಿನ ಹಾಳೆಗಳಿಗೆ ಹಸಿರು, ಕೆಂಪು, ಹಳದಿ ಚೀಟಿಗಳು ಹೊರಗೆ ಚಾಚಿಕೊಂಡಿದ್ದವು. ಹೊಸ ಸೀರೆಗೆ ಅಂಗಡಿಯ ದರದ ಚೀಟಿ ಉಳಿದಂತೆ ನನಗೆ ಕಂಡಿತು. ಕಟ್ಟುವಾಗ ಇವು ಮಡಚಿ ಹಾಳೆ ಮುದುಡಿಸುತ್ತವೆ ಎಂದು, ಹಾಳೆ ಹರಿಯದಂತೆ ಉಗುರಿನಿಂದ ನಿಧಾನವಾಗಿ ಒಂದೊಂದನ್ನೇ ಬಿಡಿಸಿದೆ. ಬಿಡಿಸುತ್ತ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದೆ. ಇಡೀ ಮಧ್ಯಾಹ್ನ ಅದೇ ಕೆಲಸ, ಅಂದಿನಷ್ಟು ಖುಷಿ ನನಗೆ ಈಚೆಗೆ ಆಗಿದ್ದಿಲ್ಲ. ಚೀಟಿಗಳ ಮೇಲೆ ಸಣ್ಣ ಅಕ್ಷರಗಳಿದ್ದವು. ಅಕ್ಷರವಿದ್ದದ್ದನ್ನು ಕಸಕ್ಕೆ ಹಾಕಬಾರದು, ಗಲಗಲಿಗೆ ಹೋದಾಗ ಹೊಳೆಗೆ ಬಿಟ್ಟರಾಯಿತು ಎಂದು ಅಕ್ಷತೆಯ ಡಬ್ಬಿಯಲ್ಲಿ ಇಟ್ಟೆ. ಸಂಜೆ ನೀನು ಬಂದು ಗಂಟು ನೋಡಿ, “ಅವ್ವಾ, ನಮ್ಮ ಬುಕ್ಕಿಗೂ ಅರಿವಿ ಉಡಿಸಿಯಲ್ಲ!” ಎಂದು ನಕ್ಕಿ. ಬಿಚ್ಚಿ ನೋಡಲಿಲ್ಲ.

ಹೌದು ಸಿದ್ಧಿ, ಆ ಚೀಟಿಗಳನ್ನು ಕಿತ್ತವಳು ನಾನು. ವಂದನಾ ಅಲ್ಲ.

ಎರಡು ದಿನ ಬಿಟ್ಟು ಆಕೆ ಬಂದದ್ದು, ಸ್ಪರ್ಧೆಯ ವೇದಿಕೆಯ ಮೇಲೆ ಮಾತಾಡುವವರು ಯಾರು ಎಂದು ನೀವಿಬ್ಬರೂ ನನ್ನ ಪಡಸಾಲೆಯಲ್ಲೇ ಜಗಳಾಡಿದ್ದು ನಿನಗೆ ನೆನಪಿದೆ. ನೀನು ಸಿಟ್ಟಿನಿಂದ ಹೊರಗೆ ಹೋದಿ. “ನಾ ಹಚ್ಚಿದ್ದ ಚೀಟಿ ನಾನ ಕಿತ್ಕೊಂಡ ಹೋಗ್ತೇನಿ, ಆಮ್ಯಾಲೆ ಒಬ್ಬಾಕೀನ ನಿಂತು ಮಾತಾಡ್ಕೋ ಬೇ!” ಎಂದು ಆಕೆ ನಿನ್ನ ಬೆನ್ನಿಗೆ ಕೂಗಿದಳು. ಬಾಯಿ ಜೋರು, ಅಷ್ಟೇ. ಆಮೇಲೆ ಗಂಟಿನ ಒಂದು ಮೂಲೆ ಬಿಚ್ಚಿ, ಮೇಲಿದ್ದ, ಚೀಟಿಯೇ ಹಚ್ಚಿರದ ತನ್ನ ಪುಸ್ತಕವೊಂದನ್ನು ಎಳೆದುಕೊಂಡು, ಮೊದಲಿನಂತೆಯೇ ಕಟ್ಟಿಟ್ಟು, ನನ್ನ ಕಾಲಿಗೆ ನಮಸ್ಕಾರ ಮಾಡಿ ಬಸ್ಸಿಗೆ ಹೋದಳು.

ಬೆಳಗಾವಿಗೆ ಹೋಗಿ ಗಂಟು ಬಿಚ್ಚಿದ ದಿನ ನೀನು ಫೋನಿನಲ್ಲಿ ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹಸಿರು ಎಂದರೆ ನೀವು ಮಾಡಿ ನೋಡಿ ಸರಿ ಬಂದದ್ದು, ಕೆಂಪು ಎಂದರೆ ಪುಸ್ತಕದಲ್ಲಿ ಹೇಳಿದಂತೆ ಆಗದೆ ಕೆಟ್ಟದ್ದು, ಹಳದಿ ಎಂದರೆ ಬೇರೆಯವರ ಕೆಲಸದಿಂದ ಎತ್ತಿಕೊಂಡದ್ದು, ಅವರ ಹೆಸರು ಹೇಳಲೇಬೇಕಾದದ್ದು. ಇದೆಲ್ಲ ನನಗೆ ಅಂದೇ ತಿಳಿದದ್ದು. ಪುಸ್ತಕ ಕೊಂಡರೆ ಮತ್ತೆ ಸಿಗುತ್ತದೆ, ಚೀಟಿ ಸಿಗುವುದಿಲ್ಲ, ನಮ್ಮ ಹಿಂದೆ ಬರುವ ಹುಡುಗರಿಗೂ ಅದೇ ದಾರಿ ಇತ್ತು ಎಂದಿ. “ಇದನ್ನ ಮಾಡಿದಾಕಿ ಮಾರಿ ಜನ್ಮದಾಗ ನೋಡೂದಿಲ್ಲ” ಎಂದಿ. ಅಕ್ಷತೆಯ ಡಬ್ಬಿ ಎದುರಿಗೇ ಗೋಡೆಯ ಮಾಡದಲ್ಲಿತ್ತು. ನಾನು ಸುಮ್ಮನಾದೆ. ಮರುವಾರ ಎಲ್ಲರೆದುರು ನೀನು ವಂದನಾಳನ್ನು ಕಳ್ಳಿ ಎಂದಿ, ತಂಡದಿಂದ ಆಕೆಯ ಹೆಸರು ತೆಗೆದರು, ಆಕೆ ಹಾಸ್ಟೆಲ್ ಬಿಟ್ಟು ಊರಿಗೆ ಬಂದು ಕೂತಳು. ಇದನ್ನೂ ಕೇಳಿ ಸುಮ್ಮನಿದ್ದೆ. ದಿನಾ ಸಂಜೆ ಎಲ್ಲ ಜೀವಗಳ ಕ್ಷಮೆ ಕೇಳುತ್ತೇನೆ, ಕಾಲಡಿಯ ಇರುವೆಗೂ ಕೇಳುತ್ತೇನೆ. ಬನಹಟ್ಟಿಯ ಆ ಹುಡುಗಿಯ ಹೆಸರು ಬರುವಲ್ಲಿ ಮಾತ್ರ ತಡೆದು ನಿಲ್ಲುತ್ತಿದ್ದೆ.

ಹೋದ ರವಿವಾರ ಮನಸ್ಸು ತಡೆಯದೆ ಬನಹಟ್ಟಿಗೆ ಹೋದೆ. ಬಸದಿಯ ಪರದೆಗೆ ಅರಿವೆ ತರುವುದೆಂದು ನಿಮ್ಮಪ್ಪನಿಗೆ ಹೇಳಿದೆ. ಒಳಗೆ ಮಗ್ಗ ಬಡಿಯುತ್ತಿತ್ತು, ವಂದನಾಳ ತಾಯಿ ಸಾವಕ್ಕ ಕಟ್ಟೆಯ ಮೇಲೆ ಕೂತು ನೂಲು ಸುತ್ತುತ್ತಿದ್ದಳು. ತಲೆ ಎತ್ತದೆಯೇ, “ಬರ್ರಿ ಮಾದೇವಕ್ಕಾ, ಕಳ್ಳರ ಮನಿಗಿ ಬಂದೀರಿ, ಕೊಳ್ಳಾಗಿನ ಸರಾ ಜ್ವಾಕಿ” ಎಂದಳು. ನನಗೆ ಅಷ್ಟೂ ಸಲ್ಲಬೇಕಾದದ್ದೇ. ಆದರೆ ವಂದನಾ, “ಯವ್ವಾ, ಸುಮ್ಕಿರ, ಕಾಕೂ ಏನ್ ಮಾಡ್ಯಾರ ಪಾಪ” ಎಂದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಾಗಿಲಿನಿಂದ ಹಣಿಕಿದೆ. ತಂಬಿಗೆಯ ಬಾಯಿಗೆ ಹೊಸ ಅರಿವೆ ಮಡಚಿ ಕಟ್ಟಿ, ನೀರು ಇಳಿಯುವುದನ್ನೇ ನೋಡುತ್ತ ಕೂತಿದ್ದಳು. ತಂದು ಕೈಯಲ್ಲಿಟ್ಟು “ಸೋಸಿದ್ದೈತ್ರಿ ಕಾಕೂ, ಕುಡೀರಿ” ಎಂದಳು. ಮುಖ ಇಳಿದುಹೋಗಿತ್ತು. ನಾನು ಆ ನೀರು ಕುಡಿದೆ ಸಿದ್ಧಿ. ಕುಡಿದು, ತಂಬಿಗೆ ಕೆಳಗಿಟ್ಟು, ಮಳೆಯ ಮಾತಾಡಿ ಎದ್ದು ಬಂದೆ.

ಚೀಟಿಗಳು ಇವೆ. ಹೊಳೆಗೆ ಬಿಟ್ಟಿಲ್ಲ. ಕೆಲವು ಒಂದಕ್ಕೊಂದು ಅಂಟಿವೆ, ಅಕ್ಷರ ಕೆಟ್ಟಿಲ್ಲ. ಆ ಸಣ್ಣ ಅಕ್ಷರ ನಿನಗೂ ಓದಲು ಬರುವುದಿಲ್ಲ, ಅದು ವಂದನಾಳಿಗೇ ತಿಳಿಯುವ ಬರಹ ಎಂದು ನೀನೇ ಹೇಳಿದ್ದಿ. ಯಾವ ಚೀಟಿ ಯಾವ ಹಾಳೆಗೆ ಎಂಬುದನ್ನು ಹೇಳುವವಳು ಆಕೆಯೊಬ್ಬಳೇ. ಈ ತಿಂಗಳ ಕೊನೆಗೆ ನಿಮ್ಮ ತಂಡದ ಹೆಸರುಗಳು ಸ್ಪರ್ಧೆಯವರಿಗೆ ಹೋಗುತ್ತವಂತಲ್ಲ, ಅಷ್ಟರೊಳಗೆ ಆಕೆಯ ಹೆಸರು ಮತ್ತೆ ಸೇರಬೇಕು. ನಿಮ್ಮ ಗುರುಗಳಿಗೆ ಈ ಕಾಗದ ತೋರಿಸು. ನಾಚಿಕೆ ನನ್ನದು, ನಿನ್ನದಲ್ಲ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ, ಇವತ್ತು ಹೊಲದಿಂದ ಬಂದಮೇಲೆ ಹೇಳುತ್ತೇನೆ.

ಆರೋಗ್ಯ ನೋಡಿಕೋ. ನಿನ್ನ ಗುರುಗಳಿಗೆ ನನ್ನ ನಮಸ್ಕಾರ, ಜೊತೆಯ ಹುಡುಗಿಯರಿಗೆ ಆಶೀರ್ವಾದ. ಭಗವಂತ ನಿನ್ನ ಬುದ್ಧಿಯನ್ನು ತಿಳಿಯಾಗಿ ಇಡಲಿ.

ನಿನ್ನ ಅವ್ವ,
ಮಹಾದೇವಿ

ತಾ.ಕ.: ನೆರೆಮನೆಯ ಜ್ಞಾನೇಶ್ವರ ಬೆಳಗಾವಿಗೆ ಹೊರಟು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಆತನ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಮೇಲೆ “ಸುಮ್ಮನಾದೆ” ಎಂದು ಬರೆದೆ, ಅದು ಪೂರ್ತಿ ಅಲ್ಲ. “ವಂದನಾ ಗಂಟ ಬಿಚ್ಚಿದ್ಲೇನವ್ವಾ?” ಎಂದು ಅಂದು ಫೋನಿನಲ್ಲಿ ನೀನು ಕೇಳಿದಿ. “ಹೂಂ, ಬಿಚ್ಚಿದ್ಲು” ಎಂದೆ. ಬಿಚ್ಚಿದ್ದು ಖರೆ. ಆದರೆ ಅದರಿಂದ ನೀನು ಏನು ತಿಳಿಯುವಿ ಎಂಬುದು ಗೊತ್ತಿದ್ದೇ ಹೇಳಿದೆ. ಚೀಟಿ ಕಿತ್ತದ್ದು ತಿಳಿಯದೆ, ಇದು ತಿಳಿದು. ನೀನು ಮಾರಿ ನೋಡೂದಿಲ್ಲ ಎಂದಿದ್ದಿ, ಅದಕ್ಕೆ ಅಂಜಿದೆ. ನಾಳೆ ಪಾರಣೆಗೆ ಮುಂಚೆಯೇ ಡಬ್ಬಿ ತೆಗೆದುಕೊಂಡು ಬನಹಟ್ಟಿಗೆ ಹೋಗಿ ಸಾವಕ್ಕನೆದುರು ಇದನ್ನೇ ಹೇಳುತ್ತೇನೆ. ನೀನು ಶನಿವಾರ ಬಾ. ಬಂದರೆ ಮೊದಲು ಅವರ ಮನೆಗೆ ಹೋಗು, ನಮ್ಮ ಮನೆಗಲ್ಲ. ನನಗೆ ಫೋನ್ ಮಾಡಬೇಡ. ನನ್ನ ಮಾರಿ ನೋಡುತ್ತೀಯೋ ಇಲ್ಲವೋ ಎಂಬುದನ್ನು ಅಲ್ಲೇ ಕೂತು ಬರೆದು ವಂದನಾಳಿಗೆ ಕೊಡು. ಆಕೆಗೆ ಮನಸ್ಸಿದ್ದರೆ ಆಕೆಯೇ ತಂದು ನನ್ನ ಕೈಗೆ ಕೊಡಲಿ. ನೀರು ಸೋಸಿಟ್ಟು ಕಾಯುತ್ತಿರುತ್ತೇನೆ.