ಗಾಜಿನ ಪೆಟ್ಟಿಗೆಯೊಳಗಿನ ಗೆಳೆಯ ಮಾತಾಡಲಿ

ವಾರಪತ್ರಿಕೆಯ ಕೊನೆಯ ಪುಟಕ್ಕೆ ದೊರೆಗಳಾದ ಸಂಪಾದಕರೇ,

ನಿಮ್ಮ ಚಿತ್ರಕಥೆಯ ಸಿಡಿಲಣ್ಣ ಕಳೆದ ವಾರ ಸಾಯುವ ಗೆಳೆಯನ ಮಾತು ಮೀರಿದ. ನೀವು ಅದಕ್ಕೆ ‘ಗೆಳೆತನದ ಗೆಲುವು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದಿರಿ. ನನ್ನ ತಕರಾರು ಅದರ ಮೇಲೆ. ನಾಲ್ಕು ಜನ ಓದಲಿ ಎಂದೇ ಇದನ್ನು ಊರಿನ ದಿನಪತ್ರಿಕೆಗೂ ಕಳಿಸುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಹೇಳ್ತೇನೆ. ಸಿಡಿಲಣ್ಣನ ಬಾಲ್ಯದ ಗೆಳೆಯ ತರುಣ್ ವಿಷದ ಬಾಣ ತಾಗಿ ಬಿದ್ದಿದ್ದಾನೆ. ‘ಸಾಕು ಮಾರಾಯ, ನನ್ನನ್ನು ಹೊಳೆ ಬದಿಗೆ ಕರ್ಕೊಂಡು ಹೋಗು, ಅಲ್ಲಿಯೇ ಕಣ್ಣು ಮುಚ್ತೇನೆ’ ಎನ್ನುತ್ತಾನೆ. ಸಿಡಿಲಣ್ಣ ಒಂದು ಚೌಕದಲ್ಲಿ ಹಣೆ ಹಿಡಿದುಕೊಂಡು ಯೋಚಿಸುತ್ತಾನೆ. ಮುಂದಿನ ಚೌಕದಲ್ಲಿ ಗೆಳೆಯನನ್ನು ಗಾಜಿನ ಪೆಟ್ಟಿಗೆಗೆ ಹಾಕಿ ಕೊಳವೆ ಸಿಕ್ಕಿಸುತ್ತಾನೆ. ಉಸಿರು ಉಳಿಯಿತು, ಜನ ಚಪ್ಪಾಳೆ ತಟ್ಟಿದರು, ಮಹಾಶಯರು ಬೇರೆ ಯಾವುದೋ ರಾಕ್ಷಸನನ್ನು ಹೊಡೆಯಲಿಕ್ಕೆ ಹಾರಿ ಹೋಗಿಯೂ ಆಯಿತು. ಪೆಟ್ಟಿಗೆಯೊಳಗಿನವನನ್ನು ಯಾರಾದರೂ ಮಾತಾಡಿಸಿದರಾ? ಆಮೇಲಿನ ಮಾತಿನ ಗುಳ್ಳೆಗಳೆಲ್ಲ ಸಿಡಿಲಣ್ಣನವೇ. ಅಷ್ಟು ಶಕ್ತಿ ಇರುವವನಿಗೆ ಒಂದು ಗಳಿಗೆ ನಿಲ್ಲುವ ಶಕ್ತಿ ಮಾತ್ರ ನೀವು ಕೊಡಲಿಲ್ಲವಾ?

‘ಅಜ್ಜಿ, ಕಾಮಿಕ್ಸಿಗೆ ಯಾರಾದ್ರೂ ಇಷ್ಟು ಬಿಸಿ ಆಗ್ತಾರಾ?’ ಎಂದು ಮೊಮ್ಮಗಳು ಅಕ್ಷಿತಾ ನಗ್ತಾಳೆ. ಆಗ್ತಾರೆ. ನಾನು ಕಲಿತದ್ದು ನಾಲ್ಕನೇ ಕ್ಲಾಸು. ನನ್ನ ಗೆಳತಿ ಜುಲೈಕಾ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಜಗಲಿಯಲ್ಲಿ ಬೀಡಿ ಕಟ್ಟುವಾಗ ನಾನು ನಿಮ್ಮ ಪತ್ರಿಕೆ ಓದಿ ಹೇಳ್ತಿದ್ದೆ, ಅಷ್ಟು ಹೊತ್ತು ನನ್ನ ಪಾಲಿನ ಬೀಡಿಯನ್ನೂ ಅವಳೇ ಕಟ್ಟುತ್ತಿದ್ದಳು. ರಾಜಕೀಯ ಓದಿದರೆ ಆಕಳಿಕೆ. ಸಿಡಿಲಣ್ಣ ಬಂದರೆ, ‘ನಿಧಾನ ಓದು ಲೋಲಾ, ಎಲೆ ಓಡಿ ಹೋಗುದಿಲ್ಲ.’ ಅವನು ಗೆದ್ದರೆ, ‘ಹಾರ್ಲಿಕ್ಕೆ ಗೊತ್ತುಂಟು, ಚಡ್ಡಿ ಒಳಗೆ ಹಾಕ್ಲಿಕ್ಕೆ ಗೊತ್ತಿಲ್ಲ.’

ಅವಳ ಶ್ವಾಸಕೋಶ ಹಾಳಾಯಿತು. ಮಳೆಗಾಲಕ್ಕೆ ಮೊದಲು ಅದೇ ಜಗಲಿಯಲ್ಲಿ ನನ್ನ ಕೈ ಹಿಡಿದು ಹೇಳಿದಳು: ‘ಉಸಿರು ನಿಂತ್ರೆ ನಿಲ್ಲಲಿ. ಆಸ್ಪತ್ರೆಗೆ ಹಾಕಿ ಪೈಪು ಸಿಕ್ಕಿಸ್ಬೇಡಿ. ಮಕ್ಕಳು ಹೆದರ್ತಾರೆ. ನೀನು ಹೆದರುವ ಜಾತಿ ಅಲ್ಲ, ಅದಕ್ಕೆ ನಿನ್ನತ್ರ ಹೇಳುದು.’ ನಾನು ಹೂಂ ಎಂದೆ.

ಉಸಿರು ಕಟ್ಟಿದ ದಿನ ಅವಳ ಮಗ ನಿಝಾರ್ ಸೌದಿಯ ದಮ್ಮಾಮಿನಲ್ಲಿದ್ದ. ಸೊಸೆ ಸಬೀಹಾ ಓಡಿ ಬಂದು, ‘ಲೋಲಕ್ಕ, ಏನು ಮಾಡುವ?’ ಎಂದಳು. ‘ಆಂಬುಲೆನ್ಸ್ ಕರಿ’ ಎಂದೆ. ಹೆದರಿದೆ, ಸಂಪಾದಕರೇ. ಅವಳಿಲ್ಲದ ಜಗಲಿಗೆ ಹೆದರಿದೆ.

ಈಗ ಅವಳು ಮನೆಯಲ್ಲಿದ್ದಾಳೆ. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟಿದ್ದಾರೆ, ಸ್ವರ ಇಲ್ಲ. ಊರೆಲ್ಲ ನನ್ನನ್ನು ಹೊಗಳುತ್ತದೆ. ನಿಝಾರ್ ರಜೆಯಲ್ಲಿ ಬಂದವನು, ‘ಉಮ್ಮನ ಜೀವ ಉಳಿಸಿದ್ರಿ ಲೋಲಕ್ಕ’ ಎಂದು ಗಲ್ಫಿನ ಕಂಬಳಿ ಕೊಟ್ಟ. ಅದರ ಚೀಲದ ಜಿಪ್ಪು ನಾನಿನ್ನೂ ಎಳೆದಿಲ್ಲ.

ಕಳೆದ ವಾರ ಅವಳ ಮಂಚದ ಪಕ್ಕ ಕೂತು ನಿಮ್ಮ ಸಂಚಿಕೆ ಓದಿದೆ. ‘ಸಾಕು ಮಾರಾಯ’ ಎಂಬಲ್ಲಿ ನಾಲಿಗೆ ಏಳಲಿಲ್ಲ. ‘ನನ್ನನ್ನು ಬೇಗ ಉಳಿಸು ಮಾರಾಯ’ ಎಂದು ಓದಿಬಿಟ್ಟೆ. ಅಕ್ಷರ ಬಾರದವಳಿಗೆ ಅಕ್ಷರದಲ್ಲೇ ಮೋಸ. ಆದರೆ ಚಿತ್ರ ನೋಡಲಿಕ್ಕೆ ಅವಳಿಗೆ ನಾನು ಬೇಕಾ? ಪತ್ರಿಕೆ ಎಳೆದುಕೊಂಡಳು. ಹೊಳೆ ಕಡೆ ಕೈ ತೋರಿಸುವ ತರುಣನ ಮೇಲೆ ಬೆರಳಿಟ್ಟಳು, ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟಳು, ಆಮೇಲೆ ತನ್ನ ಗಂಟಲ ಮೇಲೆ. ನನ್ನ ಮುಖ ಒಮ್ಮೆ ನೋಡಿ ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ನಾನು ಹೋದಾಗಲೆಲ್ಲ ಹಾಗೆಯೇ.

ಉಳಿಸಲೇಬಾರದಿತ್ತಾ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಅವಳ ಎದೆ ಏಳುವುದು ಕಂಡರೆ ಈಗಲೂ ಸಮಾಧಾನ ಆಗ್ತದೆ, ಸಮಾಧಾನ ಆದದ್ದಕ್ಕೆ ನಾಚಿಕೆಯೂ ಆಗ್ತದೆ. ಆದರೆ ಗೆಳೆಯನ ಮಾತು ಮೀರಿದವನು ಚಪ್ಪಾಳೆ ತಕೊಂಡು ಹಾರಿ ಹೋಗಬಾರದು.

ಆದ್ದರಿಂದ ಬರುವ ವಾರ ಸಿಡಿಲಣ್ಣನನ್ನು ವಾಪಸ್ ಕರೆಸಿ. ರಾಕ್ಷಸ ಕಾಯಲಿ. ಆ ಪೆಟ್ಟಿಗೆಯ ಎದುರು ಇಡೀ ಪುಟ ಅವನನ್ನು ನಿಲ್ಲಿಸಿ. ಗುಳ್ಳೆಗಳೆಲ್ಲ ತರುಣನಿಗೆ ಕೊಡಿ, ಬಾಯಿ ತುಂಬ ಬೈಯಲಿ. ಸಿಡಿಲಣ್ಣನಿಗೆ ಕೊನೆಯಲ್ಲಿ ಒಂದೇ ಒಂದು ಗುಳ್ಳೆ ಸಾಕು. ಅದರೊಳಗೆ ಏನಿರಬೇಕೆಂದು ಕಲಿತವರಾದ ನೀವೇ ಬರೆಯಿರಿ, ನನಗೆ ಬರುತ್ತಿಲ್ಲ. ಗೋಡೆಗೆ ತಿರುಗಿದವಳ ಬೆನ್ನ ಹಿಂದೆ ಕೂತು ಅದನ್ನು ಒಂದಕ್ಷರ ಬದಲಿಸದೆ ಓದ್ತೇನೆ.

ಇಂತಿ,
ಊರವರ ಬಾಯಲ್ಲಿ ಜೀವ ಉಳಿಸಿದವಳು,
ಲೋಲಾಕ್ಷಿ, ಕಕ್ಕಿಂಜೆ