ಉಳಿದಿರುವ ಏಳು ನಳಿಕೆ

ಬುಧವಾರ, ಮಾರ್ಚ್ 12

ಕ್ಯಾನಿನಲ್ಲಿ ದ್ರವದ ಮಟ್ಟ ಹದಿನೈದು ದಿನವೂ ಹದಿನಾಲ್ಕೇ ಇಂಚು ಇರಲು ಹೇಗೆ ಸಾಧ್ಯ? ದ್ರವ ಸಾರಜನಕ ದಿನಾ ಅಷ್ಟಿಷ್ಟು ಆವಿಯಾಗುತ್ತದೆ. ಭಾವನವರು ಮಟ್ಟ ಬರೆದಿಡುವ ಪುಸ್ತಕದಲ್ಲಿ ಮಾತ್ರ ಕದಲುವುದೇ ಇಲ್ಲ. ಒಂದೇ ಪೆನ್ನು, ಒಂದೇ ಸಲ ಕೂತು ಗೀಚಿದಂತಿದೆ. ಇವತ್ತು ನೋಡಿದರೆ ಕ್ಯಾನು ಕಂಠದವರೆಗೆ ತುಂಬಿದೆ. ಯಾವಾಗ ತುಂಬಿಸಿದರೋ, ಬರೆದಿಲ್ಲ.

ನಡುವೆ ಒಮ್ಮೆ ಬತ್ತಿದ್ದರೂ ಒಳಗೆ ಹೆಪ್ಪುಗಟ್ಟಿಸಿಟ್ಟ ಹೋರಿಯ ವೀರ್ಯ ಸತ್ತಿರುತ್ತದೆ. ಮತ್ತೆ ತುಂಬಿಸಿಬಿಟ್ಟರೆ ಹೊರಗಿನಿಂದ ಏನೂ ತಿಳಿಯದು. ನಾವು ಉಳಿಸಲು ಹೊರಟಿರುವ ತಳಿಯ ಹಸುಗಳಿವೆ, ಹೋರಿಯಿಲ್ಲ. ಕೊನೆಯದು ಹೋದ ವರ್ಷ ಸತ್ತಿತು. ಅದರ ವೀರ್ಯ ಉಳಿದಿರುವುದು ಏಳೇ ನಳಿಕೆ.

“ಮಧ್ಯೆ ಬತ್ತಿರಲಿಲ್ಲ ತಾನೇ, ಭಾವ?” ಎಂದೆ.

“ಅನುಮಾನ ಇದ್ರೆ ಒಂದನ್ನ ಕರಗಿಸಿ ನೋಡ್ಬಿಡಮ್ಮ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿಯಲ್ಲ. ಮೈಕ್ರೋಸ್ಕೋಪಿನ ಮುಸುಕನ್ನೂ ತಾವೇ ತೆಗೆದಿಟ್ಟು, ನಗುತ್ತ ನಿಂತರು.

ಕರಗಿಸಿದ್ದನ್ನು ಮತ್ತೆ ಇಡುವಂತಿಲ್ಲ. ಜೀವವಿದ್ದರೆ ನನ್ನ ಅನುಮಾನಕ್ಕೆ ಒಂದು ನಳಿಕೆ ದಂಡ. ಇಲ್ಲದಿದ್ದರೆ ಏಳೂ ಹೋದಂತೆ. ನಾನು ಮುಸುಕು ಹಾಕಿ ಮನೆಗೆ ಬಂದೆ.

ಹಾಗೇ ಬರುತ್ತೇನೆಂದು ಭಾವನವರಿಗೆ ಗೊತ್ತಿತ್ತು. ಅಕ್ಕ ಕೇಳಿದಳೆಂದು ಈ ಕೆಲಸ ಕೊಡಿಸಿ, ಒಂದು ನಳಿಕೆಯನ್ನೂ ಹಾಳು ಮಾಡಬಾರದು ಎಂದು ಮೊದಲ ದಿನವೇ ಅವರಿಗೆ ಹೇಳಿಕೊಟ್ಟವಳು ನಾನೇ.