ಬೂದಿಯಡಿಯ ರಾಜಧಾನಿಯಿಂದ ಒಂದು ಮೊಹರು

ಮಾನ್ಯ ಮರುಪ್ರವೇಶ ವಿಭಾಗದ ಮುಖ್ಯಾಧಿಕಾರಿಗಳೇ,

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿರುವ ಒಂದು ಊರಿಗೆ ಹೋಗಿ, ಅಲ್ಲಿಂದ ಸರ್ಕಾರಿ ಮೊಹರು ಒತ್ತಿಸಿಕೊಂಡು ಬರುವಂತೆ ತಾವು ನನ್ನ ಗಂಡನಿಗೆ ಹೇಳಿ ಕಳಿಸಿದ್ದೀರಿ. ಆ ಊರಿನಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲಾಯಿತು, ಒಬ್ಬ ನರಮನುಷ್ಯನೂ ವಾಸವಿಲ್ಲ. ಒಳಗೆ ಕಾಲಿಡುವುದಕ್ಕೆ ಪೊಲೀಸರ ಅನುಮತಿ ಬೇಕು. ಮೊಹರನ್ನು ಒತ್ತಿಕೊಡುವವರು ಯಾರು ಎಂಬುದನ್ನು ಮಾತ್ರ ತಾವು ತಿಳಿಸಲಿಲ್ಲ. ಆ ಮೊಹರು ಬರುವವರೆಗೆ ಗಿರಿಧರನನ್ನು ಜಪಾನಿನೊಳಗೆ ಬಿಡುವುದಿಲ್ಲ ಎಂದಿದ್ದೀರಿ. ಅವನ ವಾಸದ ಕಾರ್ಡು ಈ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ. ಅವನು ಇಲ್ಲಿಗೆ ಬಂದು ನಿಂತರೆ ಮಾತ್ರ ಅದನ್ನು ನವೀಕರಿಸಬಹುದು. ಅವನ ಕಾರ್ಡು ಹೋದರೆ ಅವನ ಹೆಸರಿನ ಮೇಲೆ ಇಲ್ಲಿರುವ ನನ್ನದೂ ನಮ್ಮ ಮಗಳದೂ ಹೋಗುತ್ತದೆ. ನನ್ನ ದೂರು ಇಷ್ಟು.

ತಮಗೆ ಕನ್ನಡ ಬರುವುದಿಲ್ಲ ಎಂದು ನನಗೆ ಗೊತ್ತಿದೆ. ಗೊತ್ತಿದ್ದೇ ಕನ್ನಡದಲ್ಲಿ ಬರೆದು, ಇಲ್ಲಿನ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ. ಜಪಾನಿಯಲ್ಲಿ ನನಗೆ ಬಗ್ಗಿ ನಮಸ್ಕರಿಸಲು ಬರುತ್ತದೆ, ತರಕಾರಿ ಕೊಳ್ಳಲು ಬರುತ್ತದೆ, ಮಗುವಿನ ಶಾಲೆಗೆ ಫೋನು ಮಾಡಿ ಜ್ವರ ಎಂದು ಹೇಳಲು ಬರುತ್ತದೆ. ಸಿಟ್ಟು ಮಾಡಲು ಬರುವುದಿಲ್ಲ. ಅದು ಬರುವುದು ನನ್ನ ಭಾಷೆಯಲ್ಲಿ ಮಾತ್ರ. ತಮ್ಮ ಕಚೇರಿ ಯಾವ ಊರಿನದು ಎಂದು ಇಲ್ಲಿ ಬರೆಯುವುದಿಲ್ಲ. ಮಾನ ಕಳೆಯುವುದು ನನ್ನ ಉದ್ದೇಶವಲ್ಲ. ಗಂಡನನ್ನು ಮನೆಗೆ ಕರೆಸಿಕೊಳ್ಳುವುದು.

ಗಿರಿಧರ ಫುಕುವೋಕಾದ ವಿಶ್ವವಿದ್ಯಾಲಯದಲ್ಲಿ ಜ್ವಾಲಾಮುಖಿಯ ಅನಿಲಗಳನ್ನು ಅಳೆಯುವ ಸಂಶೋಧಕ. ಬೆಟ್ಟ ಹೊಗೆಯಾಡಿದರೆ ಉಳಿದವರೆಲ್ಲ ಓಡಿಬರುತ್ತಾರೆ, ಇವನು ಬಾಟಲಿ ಹಿಡಿದುಕೊಂಡು ಅತ್ತ ಹೋಗುತ್ತಾನೆ. ಈ ವರ್ಷ ಫೆಬ್ರುವರಿಯಲ್ಲಿ ಅವನು ಹೋದದ್ದು ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ಎಂಬ ದ್ವೀಪಕ್ಕೆ. ಆರು ವಾರದ ಕೆಲಸ. ಹೋಗುವಾಗ ಮಗಳಿಗೆ, "ಸಕುರಾ ಅರಳೋ ಹೊತ್ತಿಗೆ ಬಂದ್ಬಿಡ್ತೀನಿ ಪುಟ್ಟಾ" ಎಂದಿದ್ದ. ಸಕುರಾ ಅರಳಿ ಉದುರಿ, ಮಳೆಗಾಲ ಮುಗಿದು, ಈಗ ಅದೇ ಮರದ ಎಲೆ ಕೆಂಪಾಗುತ್ತಿದೆ.

ತಮಗೆ ಆ ದ್ವೀಪದ ಪರಿಚಯ ಮಾಡಿಕೊಡಬೇಕಾದ ಕರ್ಮ ನನ್ನ ಪಾಲಿಗೆ ಬಂದಿದೆ. ಕೇಳಿ. ಉದ್ದ ಹದಿನಾರು ಕಿಲೋಮೀಟರ್, ಅಗಲ ಹನ್ನೊಂದು. ಬೆಂಗಳೂರಿನಲ್ಲಿ ನಾನು ಕಾಲೇಜಿಗೆ ಹೋಗಿಬರುತ್ತಿದ್ದ ದಾರಿ ಅದಕ್ಕಿಂತ ಉದ್ದವಿತ್ತು. ಜನ ಐದು ಸಾವಿರ. ಜಯನಗರದ ಒಂದು ವಾರ್ಡಿನಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಅದು ದೇಶವಲ್ಲ, ಬ್ರಿಟನ್ನಿನ ಅಧೀನದ ಪ್ರದೇಶ. ರಾಣಿಯ ಹೆಸರಿನಲ್ಲಿ ಲಂಡನ್ನಿನಿಂದ ಬರುವ ಒಬ್ಬರು ಗವರ್ನರ್, ದ್ವೀಪದವರೇ ಆರಿಸಿಕೊಂಡ ಒಬ್ಬರು ಪ್ರೀಮಿಯರ್, ಚುನಾವಣೆಯಲ್ಲಿ ಗೆದ್ದುಬಂದ ಒಂಬತ್ತು ಸದಸ್ಯರ ಶಾಸನಸಭೆ. ಜನರೆಲ್ಲ ಹೆಚ್ಚಾಗಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳು, ಹೆಸರುಗಳು ಮಾತ್ರ ಐರ್ಲೆಂಡಿನವು, ಏಕೆಂದರೆ ಮೊದಲು ಬಂದು ತೋಟ ಮಾಡಿದ ಬಿಳಿಯರಲ್ಲಿ ಐರಿಷರೇ ಹೆಚ್ಚು. ಗಿರಿಧರ ಬಾಡಿಗೆಗಿರುವ ಕೋಣೆಯ ಒಡತಿ ಮಿಸ್ ಫ್ಯಾರೆಲ್ (ಅಲ್ಲಿ ಮದುವೆಯಾದ ಹಿರಿಯರೂ ಮಿಸ್ಸೇ). ಮಾಂಸ ಮುಟ್ಟದ ಈ ವಿಚಿತ್ರ ಪ್ರಾಣಿಯನ್ನು ಆಕೆ ಎಂಟು ತಿಂಗಳಿಂದ ಕುಂಬಳಕಾಯಿ ಸಾರು, ಬ್ರೆಡ್‌ಫ್ರೂಟ್ ಕೊಟ್ಟು ಸಾಕುತ್ತಿದ್ದಾರೆ. ಬ್ರೆಡ್‌ಫ್ರೂಟ್ ಎಂದರೆ ನಮ್ಮ ಮಂಗಳೂರು ಕಡೆಯ ಜೀಗುಜ್ಜೆ. ಅದರ ಪೋಡಿ ಕರಿಯುವುದನ್ನು ಗಿರಿಧರ ಆಕೆಗೆ ಕಲಿಸಿದ್ದಾನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದ್ವೀಪದ ದಕ್ಷಿಣದಲ್ಲಿ ಒಂದು ಬೆಟ್ಟವಿದೆ. ೧೯೯೫ರವರೆಗೆ ಅದು ಸುಮ್ಮನೆ ಮಲಗಿತ್ತು. ಆ ವರ್ಷ ಎದ್ದಿತು. ಬೆಟ್ಟದ ಬುಡದಲ್ಲಿದ್ದ ಪ್ಲಿಮತ್ ಎಂಬ ರಾಜಧಾನಿಯ ಮೇಲೆ ಬೂದಿ, ಕಲ್ಲು, ಕೆಸರು ಸುರಿಯಿತು. ಬಂದರು, ನ್ಯಾಯಾಲಯ, ಆಸ್ಪತ್ರೆ, ಶಾಲೆ, ಗ್ರಂಥಾಲಯ ಎಲ್ಲವೂ ಹೋದವು. ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದ್ವೀಪವನ್ನೇ ಬಿಟ್ಟರು. ಉಳಿದವರು ಉತ್ತರದ ತುದಿಗೆ ಸರಿದು, ಬ್ರೇಡ್ಸ್ ಎಂಬ ಹಳ್ಳಿಯಲ್ಲಿ ಸರ್ಕಾರವನ್ನು ಮತ್ತೆ ಹೂಡಿದರು. ದಕ್ಷಿಣದ ಭಾಗಕ್ಕೆ ಇವತ್ತಿಗೂ ಪ್ರವೇಶ ನಿಷಿದ್ಧ. ಆದರೆ ಕಾಗದದ ಮೇಲೆ ರಾಜಧಾನಿಯನ್ನು ಅವರು ಬದಲಾಯಿಸಲಿಲ್ಲ. ಪ್ಲಿಮತ್ ಎಂದೇ ಉಳಿಸಿಕೊಂಡಿದ್ದಾರೆ. ಯಾಕೆ ಎಂದು ಗಿರಿಧರ ಮಿಸ್ ಫ್ಯಾರೆಲ್ ಅವರನ್ನು ಕೇಳಿದನಂತೆ. ಆಕೆ ಹುಟ್ಟಿ ಬೆಳೆದು ಮದುವೆಯಾದದ್ದು ಪ್ಲಿಮತ್‌ನಲ್ಲೇ. "ಅಮ್ಮ ಸತ್ತುಹೋದ್ರೆ ಅರ್ಜೀಲಿ ಅಮ್ಮನ ಹೆಸರು ಬದಲಾಯಿಸ್ತೀಯಾ?" ಎಂದು ಆಕೆಯೇ ತಿರುಗಿ ಕೇಳಿದರಂತೆ.

ಆ ಪ್ರೀತಿಯನ್ನೇ ತಾವು ನಮ್ಮ ಕೊರಳಿಗೆ ಉರುಳು ಮಾಡಿದ್ದೀರಿ.

ನಡೆದದ್ದನ್ನು ಕ್ರಮವಾಗಿ ನೆನಪಿಸುತ್ತೇನೆ. ಮಾರ್ಚಿನಲ್ಲಿ ಕೊರೊನಾಕ್ಕೆ ಹೆದರಿ ದ್ವೀಪದವರು ತಮ್ಮ ಬಾಗಿಲು ಹಾಕಿಕೊಂಡರು. ಒಂದೇ ಆಸ್ಪತ್ರೆ ಇರುವ ಊರು, ಹಾಕಿಕೊಳ್ಳದೆ ಇನ್ನೇನು ಮಾಡಿಯಾರು? ಅಲ್ಲಿ ಸೋಂಕು ತಗುಲಿದವರು ಎರಡು ಕೈಗಳ ಬೆರಳಿಗಿಂತ ತುಸು ಹೆಚ್ಚು, ಅಷ್ಟೇ. ಏಪ್ರಿಲ್‌ನಲ್ಲಿ ಜಪಾನ್ ತನ್ನ ಬಾಗಿಲು ಹಾಕಿತು. ಅದಕ್ಕೂ ನನ್ನ ತಕರಾರಿರಲಿಲ್ಲ. ಆದರೆ ನಮ್ಮ ಎದುರು ಮನೆಯವರ ಮಗ ಅದೇ ಏಪ್ರಿಲ್‌ನಲ್ಲಿ ಲಂಡನ್ನಿನಿಂದ ಬಂದಿಳಿದ, ಪರೀಕ್ಷೆ ಮಾಡಿಸಿಕೊಂಡ, ಮನೆಯೊಳಗೆ ಕೂತ, ಆಮೇಲೆ ಎಂದಿನಂತೆ ಕಸ ವಿಂಗಡಿಸಿ ಹೊರಗಿಡತೊಡಗಿದ. ಅವನಿಗೆ ಬಾಗಿಲು ತೆರೆದದ್ದು ಅವನ ಜಪಾನಿ ಪಾಸ್‌ಪೋರ್ಟಿನ ಬಣ್ಣ. ಇಲ್ಲೇ ತೆರಿಗೆ ಕಟ್ಟುವ, ಇಲ್ಲೇ ಮಗಳನ್ನು ಓದಿಸುವ, ಇಲ್ಲಿಯ ಬೆಟ್ಟಗಳ ಹೊಗೆಯನ್ನೇ ಅಳೆಯುವ ನನ್ನ ಗಂಡನ ಪಾಸ್‌ಪೋರ್ಟು ಬೇರೆ ಬಣ್ಣದ್ದು. ವೈರಾಣುವಿಗೆ ಪಾಸ್‌ಪೋರ್ಟು ಓದಲು ಬರುತ್ತದೆಯೇ ಸ್ವಾಮಿ? ಬರುತ್ತದೆ ಎಂದಾದರೆ ಅದನ್ನೇ ತಮ್ಮ ಕಚೇರಿಯಲ್ಲಿ ನೇಮಿಸಿಕೊಳ್ಳಬಹುದಿತ್ತು.

ಇಲ್ಲಿಯ ಬೇಸಿಗೆಯ ಕೊನೆಗೆ, ಸೆಪ್ಟೆಂಬರಿನಲ್ಲಿ, ನಿಯಮ ಸಡಿಲವಾಯಿತು. ನಮ್ಮಂಥವರೂ ದಾಖಲೆ ಕೊಟ್ಟು ವಾಪಸು ಬರಬಹುದು ಎಂದಾಯಿತು. ಆ ದಿನ ನಾನು ಪಾಯಸ ಮಾಡಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಮರೆತುಹೋಗಿತ್ತು. ಗಿರಿಧರ ದ್ವೀಪ ಬಿಟ್ಟು ಬೇರೆಲ್ಲೂ ಹೋಗಿಲ್ಲ ಎಂದು ಅಲ್ಲಿಯ ಸರ್ಕಾರದಿಂದ ದೃಢೀಕರಣ ತನ್ನಿ ಎಂದಿರಿ. ಗಿರಿಧರ ಬ್ರೇಡ್ಸ್‌ನ ಸರ್ಕಾರಿ ಕಚೇರಿಗೆ ನಡೆದುಹೋಗಿ, ಅದೇ ಮಧ್ಯಾಹ್ನ ಮೊಹರು ಹಾಕಿಸಿಕೊಂಡು ಬಂದ. ಅಲ್ಲಿ ಮೊಹರು ಹಾಕಿದವರು ಮಿಸ್ ಫ್ಯಾರೆಲ್ ಅವರ ಚಿಕ್ಕಪ್ಪನ ಮಗಳು. ಗಿರಿಧರ ಹೋಗಿಬರುವುದನ್ನು ಎಂಟು ತಿಂಗಳಿಂದ ಅವರೇ ನೋಡುತ್ತಿದ್ದಾರೆ. ಕಾಗದವನ್ನು ನಾನೇ ತಮ್ಮ ಕಿಟಕಿಗೆ ತಂದೆ.

ನನ್ನ ಜೊತೆಗೆ ದುಭಾಷಿಯಾಗಿ ಬಂದವಳು ನನ್ನ ಮಗಳು ಜಾಹ್ನವಿ. ಎಂಟು ವರ್ಷ. ಜಪಾನಿ ಅವಳಿಗೆ ನೀರು ಕುಡಿದಷ್ಟು ಸುಲಭ. ಪ್ಲಾಸ್ಟಿಕ್ ಪರದೆಯ ಹಿಂದಿದ್ದ ಯುವಕ ಕಾಗದವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ಹೋದ. ತಮ್ಮ ಮೇಜಿಗೇ ಹೋದ, ನಾನು ನೋಡಿದೆ. ತಾವು ಒಂದು ದಪ್ಪ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದಿರಿ. ಅವನು ಬಂದು ಮಾಸ್ಕಿನೊಳಗಿಂದ ಮೆಲ್ಲಗೆ ಏನೋ ಹೇಳಿದ.

"ಅಮ್ಮಾ, ಅಪ್ಪನ ಪೇಪರ್ ರಾಂಗ್ ಟೌನ್‌ದಂತೆ. ಬುಕ್ಕಲ್ಲಿ ಕ್ಯಾಪಿಟಲ್ ಪ್ಲಿಮತ್ ಅಂತಿದೆಯಂತೆ. ಅಲ್ಲಿಂದ ತರ್ಬೇಕಂತೆ."

"ಆ ಊರು ಸುಟ್ಟು ಬೂದಿಯಾಗಿದೆ, ಅಲ್ಲಿ ಸೀಲ್ ಹಾಕೋಕೆ ದೆವ್ವಾನೂ ಉಳಿದಿಲ್ಲ, ನಿಮ್ಮ ಸಾಹೇಬ್ರೇ ಹೋಗಿ ಹಾಕಿಸ್ಕೊಂಡ್ ಬರ್ಲಿ ಅಂತ ಹೇಳು."

ಅವಳು ತಿರುಗಿ ಹೇಳಿದಳು. ನನ್ನ ಇಷ್ಟುದ್ದದ ಮಾತು ಅವಳ ಬಾಯಲ್ಲಿ ಬಹಳ ಚಿಕ್ಕದಾಗಿತ್ತು. ಯುವಕ ತಲೆಬಾಗಿದ. ಅವಳೂ ತಲೆಬಾಗಿದಳು.

"ಏನಂದೆ?"

"ಸುಮಿಮಾಸೆನ್ ಅಂದೆ."

"ನಾನ್ ಹೇಳಿದ್ದು ಕ್ಷಮಿಸಿ ಅಂತಲ್ಲ ಕಣೇ!"

"ದೆವ್ವ ಅಂತೆಲ್ಲಾ ಹೇಳಕ್ಕಾಗಲ್ಲ ಅಮ್ಮಾ. ಇಟ್ಸ್ ಸೋ ರೂಡ್. ಆಫೀಸು ಇದು."

ಅಷ್ಟು ಹೊತ್ತಿಗೆ ನನಗೆ ಹೊಳೆಯಿತು. ಅದು ನನ್ನ ಮೂರನೆಯ ಭೇಟಿ. ಹಿಂದಿನ ಎರಡು ಸಲವೂ ನಾನು ಗುಡುಗಿದ್ದೆ, ತಾವು ಮಿಸುಕಿರಲಿಲ್ಲ. ಜಪಾನಿನ ಅಧಿಕಾರಿಗಳ ತಾಳ್ಮೆ ಎಷ್ಟು ದೊಡ್ಡದು ಎಂದು ಮೆಚ್ಚಿಕೊಂಡಿದ್ದೆ ಕೂಡ. ಮಾನ್ಯರೇ, ತಾವು ನನ್ನ ಒಂದು ಮಾತನ್ನೂ ಕೇಳಿಯೇ ಇಲ್ಲ. ನನ್ನ ಸಿಟ್ಟೆಲ್ಲ ಒಂದು ಮಗುವಿನ ಬಾಯಲ್ಲಿ ಕ್ಷಮೆಯಾಗಿ ತಮ್ಮನ್ನು ತಲುಪಿದೆ. ಮಾಡದ ತಪ್ಪಿಗೆ ನನ್ನ ಮಗಳು ಪ್ರತಿ ಸಲವೂ ತಮ್ಮ ಕ್ಷಮೆ ಕೇಳಿದ್ದಾಳೆ, ತಾವು ತಲೆಯಾಡಿಸಿ ಸ್ವೀಕರಿಸಿದ್ದೀರಿ.

ನನ್ನಿಂದಲೂ ಒಂದು ಅಚಾತುರ್ಯವಾಯಿತು, ಮುಚ್ಚಿಡುವುದಿಲ್ಲ. ಜಪಾನಿನಲ್ಲಿ ಯಾರ ಬಾಗಿಲಿಗೂ ಬರಿಗೈಯಲ್ಲಿ ಹೋಗಬಾರದು ಎಂದು ಇಲ್ಲಿಗೆ ಬಂದ ಹೊಸತರಲ್ಲಿ ಕಲಿತಿದ್ದೆ. ಎರಡನೆಯ ಭೇಟಿಗೆ ಹೋಗುವಾಗ ಮೈಸೂರು ಪಾಕ್ ಮಾಡಿ, ಚೌಕದ ಬಟ್ಟೆಯಲ್ಲಿ ಅಂದವಾಗಿ ಕಟ್ಟಿ ಕಿಟಕಿಯಲ್ಲಿಟ್ಟೆ. ಯುವಕ ಹಾವು ಕಂಡಂತೆ ಹಿಂದೆ ಸರಿದ. ಸರ್ಕಾರಿ ನೌಕರರಿಗೆ ಕೊಡಬಾರದಂತೆ. ನಮ್ಮೂರಿನಲ್ಲಿ ಕೊಡದೆ ಹೋದರೆ ಕೆಲಸ ಆಗದು, ಇಲ್ಲಿ ಕೊಟ್ಟರೆ ಅಪಚಾರ. ಆದರೂ ಒಂದು ಮಾತು ಹೇಳಬೇಕು: ನಮ್ಮೂರಿನ ಗುಮಾಸ್ತ ಎಷ್ಟೇ ಕೈಚಾಚಿದರೂ ಹೂತುಹೋದ ಊರಿನ ಸೀಲು ತಾ ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಮೊನ್ನೆ ನಾಲ್ಕನೆಯ ಸಲ ಬಂದಾಗ ಜಾಹ್ನವಿಯನ್ನು ಶಾಲೆಗೆ ಕಳಿಸಿ, ಪಕ್ಕದ ಮನೆಯ ಹಮಾದಾ-ಸಾನ್ ಅವರನ್ನು ಕರೆತಂದೆ. ಎಪ್ಪತ್ತು ದಾಟಿದ ಹೆಂಗಸು. ತವರು ಶಿಮಾಬಾರಾ ಕಡೆಯದು. ಉನ್ಜೆನ್ ಬೆಟ್ಟ ಸಿಡಿದಾಗ ಕೆಸರಿನ ಪ್ರವಾಹ ಅವರ ತವರುಮನೆಯನ್ನು ಸೂರಿನವರೆಗೆ ಮುಚ್ಚಿತಂತೆ. ಅವರು ಕಿಟಕಿಯಲ್ಲಿ ನಿಂತು, ದನಿ ಏರಿಸದೆ, ನಾನು ಮಾಡದೇ ಹೋದ ಜಗಳವನ್ನು ಚೊಕ್ಕ ಜಪಾನಿಯಲ್ಲಿ ಮಾಡಿದರು. ಆಮೇಲೆ ರೈಲಿನಲ್ಲಿ ನನಗೆ ಸರಳ ಮಾತಿನಲ್ಲಿ ವಿವರಿಸಿದರು. ೨೦೧೧ರ ಅಣುಸ್ಥಾವರ ದುರಂತದ ನಂತರ ಫುತಾಬಾ ಪಟ್ಟಣದ ಜನರೆಲ್ಲ ಊರು ಬಿಟ್ಟರಲ್ಲ, ಅವರ ಪುರಸಭೆ ಬೇರೆ ಪ್ರಾಂತ್ಯದಲ್ಲಿ ಮುಚ್ಚಿದ್ದ ಒಂದು ಶಾಲೆಯಲ್ಲಿ ಕೂತು ಕೆಲಸ ಮಾಡಿತಲ್ಲ, ಆಗ ಅದು ಕೊಟ್ಟ ಕಾಗದಗಳನ್ನೂ ನಿಮ್ಮ ಸಾಹೇಬರು ತಪ್ಪಾದ ಊರಿನದು ಎಂದು ವಾಪಸು ಕಳಿಸುತ್ತಿದ್ದರೋ ಎಂದು ಕೇಳಿದರಂತೆ.

ಯುವಕ ಒಳಗೆ ಹೋದ. ಈ ಸಲ ಬಹಳ ಹೊತ್ತಾಯಿತು. ಬಂದು, ಪರಿಶೀಲಿಸುತ್ತೇವೆ ಎಂದ. ಆ ಪದದ ಅರ್ಥ ನನಗೆ ದುಭಾಷಿಯಿಲ್ಲದೆಯೂ ಗೊತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮಾನ್ಯರೇ, ಹಮಾದಾ-ಸಾನ್ ಕೇಳಿದ ಪ್ರಶ್ನೆಯನ್ನೇ ನಾನು ಬಹಿರಂಗವಾಗಿ ಕೇಳುತ್ತಿದ್ದೇನೆ. ಭೂಮಿ ನಡುಗುವ, ಬೆಟ್ಟ ಉಗುಳುವ, ಸಮುದ್ರ ಊರೊಳಗೆ ನುಗ್ಗುವ ನಾಡಿನ ಅಧಿಕಾರಿ ತಾವು. ಊರು ಹೋದ ಮೇಲೂ ಊರಿನವರು ಉಳಿಯುತ್ತಾರೆ, ಅವರು ಎಲ್ಲಿ ಮೇಜು ಹಾಕಿಕೊಂಡು ಕೂತರೋ ಅಲ್ಲೇ ಅವರ ಸರ್ಕಾರ ಎಂಬುದನ್ನು ತಮಗೆ ಬೆಂಗಳೂರಿನ ಒಬ್ಬ ಗೃಹಿಣಿ ಹೇಳಿಕೊಡಬೇಕೇ? ಪುಸ್ತಕದಲ್ಲಿರುವ ಊರಿನ ಮೇಲೆ ತಮಗಿರುವ ನಂಬಿಕೆ, ಉಸಿರಾಡುತ್ತಿರುವ ಮನುಷ್ಯರ ಮೇಲೆ ಯಾಕಿಲ್ಲ?

ಇವತ್ತು ಬೆಳಿಗ್ಗೆ ಗಿರಿಧರ ವೀಡಿಯೋದಲ್ಲಿ ಬಂದ. ಇಲ್ಲಿ ತಿಂಡಿಯ ಹೊತ್ತು, ಅಲ್ಲಿ ಹಿಂದಿನ ದಿನದ ಸಂಜೆ. ಅವನ ಹಿಂದೆ ಬೆಟ್ಟ ಕಾಣುತ್ತಿತ್ತು. "ಇದು ತೆಪ್ಪಗಿದೆ ಕಣೇ ಕಾಮೂ. ಸಿಡೀತಿರೋದು ನಿನ್ನ ಆಫೀಸೊಂದೇ," ಎಂದು ನಗಿಸಲು ನೋಡಿದ. ನನಗೆ ನಗು ಬರಲಿಲ್ಲ. ಅವನಿಗೂ ಬರಲಿಲ್ಲ. "ಇಪ್ಪತ್ತನೇ ತಾರೀಕಿನ ಪ್ಲೇನ್ ತಪ್ಪಿದ್ರೆ ತಿಂಗಳೊಳಗೆ ಇನ್ನೊಂದಿಲ್ಲ. ನೀವಿಬ್ರೂ ಪ್ಯಾಕ್ ಮಾಡ್ಕೋಬೇಕಾಗತ್ತೆ," ಎಂದ. ಜಾಹ್ನವಿ ಇಡ್ಲಿ ಬಿಟ್ಟು ಎದ್ದುಹೋದಳು. ಅವಳು ಹುಟ್ಟಿದ್ದು ಈ ಊರಿನಲ್ಲಿ. ಪ್ಯಾಕ್ ಮಾಡಿಕೊಂಡು ಎಲ್ಲಿಗೆ ಹೋಗುವುದು ಎಂದು ಅವಳಿಗೆ ಗೊತ್ತಿಲ್ಲ.

ಆದ್ದರಿಂದ ನನ್ನ ಒತ್ತಾಯ ಇದು. ಬ್ರೇಡ್ಸ್‌ನ ಮೊಹರನ್ನು ಒಪ್ಪಿಕೊಳ್ಳಿ, ಇಪ್ಪತ್ತನೇ ತಾರೀಕಿನೊಳಗೆ ಅನುಮತಿ ಪತ್ರ ಕೊಡಿ. ಒಪ್ಪುವುದಿಲ್ಲ ಎಂದಾದರೆ ಯಾಕೆ ಎಂಬುದನ್ನು ಬರೆದು, ಕೆಳಗೆ ತಮ್ಮ ಸ್ವಂತ ಮೊಹರು ಒತ್ತಿ ಕೊಡಿ. ಪರಿಶೀಲಿಸುತ್ತೇವೆ ಎಂಬ ಮಾತು ಇನ್ನು ಬೇಡ.

ಈ ಪತ್ರದ ಜಪಾನಿ ಪ್ರತಿಯೂ ತಮಗೆ ತಲುಪುತ್ತದೆ. ಬರೆಯುವವಳು ಜಾಹ್ನವಿ, ತಿದ್ದುವವರು ಹಮಾದಾ-ಸಾನ್. ಕನ್ನಡ ಓದಲು ಅವಳಿಗೆ ಬಾರದ್ದರಿಂದ ನಾನೇ ಗಟ್ಟಿಯಾಗಿ ಓದಿದೆ. ಈ ಸಲ ಒಂದು ಮಾತನ್ನೂ ಮೆದು ಮಾಡಬಾರದು ಎಂದು ಆಣೆ ಹಾಕಿಸಿಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು ಅವಳು ಪೆನ್ಸಿಲ್ ಕಚ್ಚುತ್ತಾ ಕೂತಳು.

"ಅಮ್ಮಾ, ಲಾಸ್ಟಲ್ಲಿ ಒಂದೇ ಒಂದು ಸುಮಿಮಾಸೆನ್ ಹಾಕ್ಲಾ?"

"ಯಾಕೆ?"

"ಅವ್ರಿಗೆ ಕೋಪ ಬಂದ್ಬಿಟ್ಟು ಅಪ್ಪನ್ನ ಬಿಡದೇ ಇದ್ರೆ?"

ಹಾಕು ಎಂದೆ. ಜಪಾನಿ ಪ್ರತಿಯ ಕೊನೆಯ ಸಾಲಿನಲ್ಲಿ ತಮಗೆ ಒಂದು ಕ್ಷಮೆ ಸಿಗುತ್ತದೆ. ಅದು ನನ್ನ ಮಗಳದ್ದು. ಈ ಕನ್ನಡ ಪ್ರತಿಯಲ್ಲಿ ಅದು ಇಲ್ಲ.

ಇಂತಿ,
ಇಲ್ಲದ ಊರಿನ ಮೊಹರಿಗಾಗಿ ಇರುವ ಊರಿನಲ್ಲಿ ಕಾಯುತ್ತಿರುವ,
ಕಾಮಾಕ್ಷಿ ಗಿರಿಧರ್
ಫುಕುವೋಕಾ, ಅಕ್ಟೋಬರ್ ೨೦೨೦